ಅಲ್ಲಿ ಬಂಗುಡೆಗೆ ಎಷ್ಟು?

ಉಪ್ಪುಂದ
3-2-2008

ಲೀಲಾಧರ,

ನಿನ್ನೆ ಬೆಳಗಿನ ಜಾವ ಕೆಟ್ಟ ಕನಸು ಬಿತ್ತು. ರಂಪಣಿ ಬಲೆ ದಡಕ್ಕೆ ಬಂದಿದೆ, ಮರಳ ಮೇಲೆ ಮನೆಗೊಂದು ರಾಶಿ ಮೀನು ಹಾಕಿದ್ದಾರೆ, ಬಲೆ ನಡೆಸುವ ತಾಂಡೇಲ ರಾಮಣ್ಣ ಒಂದೊಂದೇ ಮನೆಯ ಹೆಸರು ಕೂಗುತ್ತಾ ಬರುತ್ತಿದ್ದಾನೆ. ನಾನು ಬುಟ್ಟಿ ಹಿಡಿದು ನಿಂತಿದ್ದೇನೆ. ಎಲ್ಲ ಹೆಸರೂ ಮುಗಿಯಿತು, ‘ಚಂದಯ್ಯನ ಮನೆ’ ಅಂತ ಕೂಗಲೇ ಇಲ್ಲ. ತಿರುಗಿ ಕಂಡರೆ ನೀನು ಅಡುಗೆಯವರ ಬಿಳಿ ಟೊಪ್ಪಿ ಹಾಕಿಕೊಂಡು, ಕೈಯಲ್ಲಿ ಖಾಲಿ ತಟ್ಟೆ ಹಿಡಿದು, ನಮ್ಮ ರಾಶಿ ಇರಬೇಕಾದ ಜಾಗದಲ್ಲಿ ನಿಂತಿದ್ದೆ. ಎಚ್ಚರ ಆದ ಮೇಲೆ ಹೊಟ್ಟೆ ಉರಿಯಿತೇ ವಿನಾ ಅಳು ಬರಲಿಲ್ಲ.

ನಿನ್ನ ಕಾಗದ ಮೂರು ಸರ್ತಿ ಓದಿದೆ. ಅಕ್ಕ ಹೇಗಿದ್ದಿ ಅಂತ ಒಂದು ಸಾಲು. ಬಾಕಿ ಎರಡು ಪುಟ ಕಾಫಿಗೆ ಎಷ್ಟು, ಬಸ್ಸಿಗೆ ಎಷ್ಟು, ತಲೆಕೂದಲು ತೆಗೆಸುವುದಕ್ಕೆ ಎಷ್ಟು. ನಾನು ಕೇಳಿದ್ದು ಅದಲ್ಲ. ನೀನು ಯಾವಾಗ ಬರುತ್ತಿ ಅಂತ ಕೇಳಿದ್ದು.

ನಿನಗೆ ಮರೆತಿರಬಹುದು. ಪೋರ್ಚುಗಲ್ಲಿನ ಗಾಳಿಯೇ ಹಾಗಿರಬಹುದು. ಅದಕ್ಕೆ ಬರೆಯುತ್ತೇನೆ. ನಮ್ಮ ರಂಪಣಿಗೆ ನಲವತ್ತೊಂದು ಮನೆ. ಮನೆಯಿಂದ ಒಬ್ಬರು ಹಗ್ಗ ಎಳೆಯಬೇಕು, ಎಳೆದ ಮನೆಗೆ ರಾಶಿ. ಎರಡು ವರ್ಷ ಸಾಲಾಗಿ ಮನೆಯವರು ಬಾರದಿದ್ದರೆ ನೂಲು ಹುಣ್ಣಿಮೆಯ ಸಮುದ್ರ ಪೂಜೆ ದಿನ ಆ ಮನೆಯ ಹೆಸರು ತೆಗೆಯುತ್ತಾರೆ. ಈ ವರ್ಷ ನಿನ್ನ ಬದಲಿಗೆ ಪಕ್ಕದ ಮನೆ ಮುತ್ತ ಎಳೆಯುತ್ತಿದ್ದಾನೆ, ಅರ್ಧ ರಾಶಿ ಅವನಿಗೆ, ಅರ್ಧ ನಮಗೆ. ರಾಮಣ್ಣ ಒಪ್ಪಿದ್ದು ಒಂದೇ ವರ್ಷಕ್ಕೆ. ಬರುವ ನೂಲು ಹುಣ್ಣಿಮೆಗೆ ನಮ್ಮ ಮನೆಯ ಜನ ಅಲ್ಲಿ ನಿಂತಿರಬೇಕು. ಇಲ್ಲದಿದ್ದರೆ ಅಪ್ಪಯ್ಯ ಮೂವತ್ತು ವರ್ಷ ಎಳೆದ ಹೆಸರು ಹೋಯಿತು. ನಮಗೆ ಗದ್ದೆ ಇಲ್ಲ, ದೋಣಿ ಇಲ್ಲ. ಆ ರಾಶಿಯನ್ನೇ ಬುಟ್ಟಿಗೆ ಹಾಕಿಕೊಂಡು ನಾನು ಬೈಂದೂರಿನಲ್ಲಿ ಮನೆಮನೆ ತಿರುಗುವುದು. ರಾಶಿ ಇಲ್ಲ ಅಂತಾದರೆ ಏಲಂನಲ್ಲಿ ಬೇರೆಯವರು ಕೂಗಿದ ಬೆಲೆಗೆ ತೆಗೆದುಕೊಂಡು ಮಾರಬೇಕು. ಆ ಮಾರಾಟದಲ್ಲಿ ಹೊಟ್ಟೆ ತುಂಬುವುದಿಲ್ಲ.

ಫೋನಿನಲ್ಲೇ ಹೇಳಬಾರದಾ ಅಂತ ಬರೆದಿದ್ದಿ. ನನಗೆ ಸಿಟ್ಟು ಏರುವಷ್ಟರಲ್ಲಿ ನಿನ್ನ ಕಾರ್ಡು ಮುಗಿಯುತ್ತದೆ. ಕಾಗದದಲ್ಲಾದರೆ ಪೂರ್ತಿ ಬೈಯಬಹುದು.

ಇನ್ನೊಂದು. ಅಷ್ಟೆಲ್ಲದರ ಬೆಲೆ ಬರೆದೆ, ಮೀನಿನದು ಬರೆಯಲಿಲ್ಲ. ಅದೂ ಕಡಲ ಕರೆಯ ಊರು ಅಂತಿ. ಅಲ್ಲಿ ಬಂಗುಡೆಗೆ ಎಷ್ಟು?

ನಿನ್ನ ಅಕ್ಕ
ಹರಿಣಾಕ್ಷಿ

ನೀನು ವಿಳಾಸ ಬರೆದು ಕಳಿಸಿದ ಹತ್ತು ಕವರಿನಲ್ಲಿ ಇದು ನಾಲ್ಕನೆಯದು. ಮುಗಿಯುವುದರೊಳಗೆ ನೀನೇ ಬಂದರೆ ಒಳ್ಳೆಯದು.


2-3-2008

ಪ್ರೀತಿಯ ಅಕ್ಕನಿಗೆ,

ಲೀಲಾಧರ ಮಾಡುವ ನಮಸ್ಕಾರಗಳು. ನಾನು ಸೌಖ್ಯ.

ಬೆಲೆ ಬರೆದದ್ದು ನಿನ್ನನ್ನು ಹೆದರಿಸುವುದಕ್ಕಲ್ಲ. ಯಾಕೆ ಹಣ ಕಳಿಸುವುದಿಲ್ಲ ಅಂತ ನೀನು ಕೇಳುತ್ತಿ, ಅದಕ್ಕೆ. ಅಪ್ಪಯ್ಯ ಹೋಗುವ ತನಕ ಮುಂಬಯಿಯ ಹೋಟ್ಲಿನಲ್ಲಿ ಹನ್ನೊಂದು ವರ್ಷ ಇದ್ದವ ನಾನು, ಹಣ ಹಿಡಿದಿಡುವುದು ಗೊತ್ತಿದೆ. ಇಲ್ಲಿ ಹೋಟ್ಲಿನ ಯಜಮಾನ ಕೊಡುವುದು ತಿಂಗಳಿಗೆ ಐನೂರೈವತ್ತು ಯೂರೋ. ರೂಮಿನಲ್ಲಿ ನಾವು ಆರು ಜನ, ತಲೆಗೆ ನೂರ ಮೂವತ್ತು. ಕರೆಂಟು, ಗ್ಯಾಸು, ನೀರು ಬೇರೆ. ನೀರು ಕಾಯಿಸದೆ ಸ್ನಾನ ಮಾಡಿದರೆ ಚಳಿಗೆ ಎದೆ ಹಿಡಿಯುತ್ತದೆ, ಕಾಯಿಸಿದರೆ ಬಿಲ್ಲು ಹಿಡಿಯುತ್ತದೆ. ಇಲ್ಲಿ ಉಳಿಯಲು ಬೇಕಾದ ಪೇಪರ್ ಮಾಡಿಸುವ ವಕೀಲನಿಗೆ ತಿಂಗಳಿಗೆ ನೂರು. ಪೇಪರ್ ಆಗದೆ ಊರಿಗೆ ಬಂದರೆ ಮತ್ತೆ ಒಳಗೆ ಬಿಡುವುದಿಲ್ಲ. ಊಟ ಹೋಟ್ಲಿನದೇ, ಆದ್ದರಿಂದ ಉಳಿದಿದ್ದೇನೆ.

ದಯಮಾಡಿ ಎಲ್ಲವನ್ನೂ ಅರವತ್ತರಿಂದ ಗುಣಿಸಬೇಡ. ಇಲ್ಲಿ ಬಂದ ಹೊಸತರಲ್ಲಿ ನಾನೂ ಗುಣಿಸುತ್ತಿದ್ದೆ. ಗುಣಿಸಿದವ ಇಲ್ಲಿ ಬದುಕುವುದಿಲ್ಲ.

ಊರು ಚಂದ ಇದೆ. ಬಿಳಿ ಮನೆಗಳು. ಈಗ ಚಳಿಗಾಲ, ಅರ್ಧ ಊರು ಬಾಗಿಲು ಹಾಕಿದೆ. ಬೇಸಿಗೆಯಲ್ಲಿ ಇಂಗ್ಲಿಷಿನವರು, ಜರ್ಮನಿಯವರು ಬರುತ್ತಾರೆ, ಆಗ ಟಿಪ್ಸು ಸಿಗುತ್ತದೆ ಅಂತಾರೆ. ಬೇಸಿಗೆ ಕಳೆಯಲಿ. ಹುಣ್ಣಿಮೆಗೆ ಬರಲು ನೋಡುತ್ತೇನೆ.

ಬಂಗುಡೆ ಕಿಲೋಕ್ಕೆ ನಾಲ್ಕು ಯೂರೋ.

ನಿನ್ನ ತಮ್ಮ
ಲೀಲಾಧರ


ಉಪ್ಪುಂದ
30-3-2008

ಲೀಲಾಧರ,

ಗುಣಿಸಬೇಡ ಅಂತಿಯಲ್ಲ, ಗುಣಿಸದೆ ಹೇಗಿರುವುದು? ಆರನೇ ಕ್ಲಾಸಿನಲ್ಲಿ ನನ್ನನ್ನು ಬಿಡಿಸಿ ಕೈಗೆ ಬುಟ್ಟಿ ಕೊಟ್ಟರು, ನೀನು ಕಲಿಯಬೇಕು ಅಂತ. ಕಲಿತದ್ದು ಅಷ್ಟೇ ಆದರೂ ಮಗ್ಗಿ ಮರೆತಿಲ್ಲ. ಇದಕ್ಕೆ ಆರರ ಮಗ್ಗಿ ಸಾಕು, ಹಿಂದೊಂದು ಸೊನ್ನೆ. ತಲೆಕೂದಲು ತೆಗೆಸಲು ಹತ್ತು ಯೂರೋ, ಅಂದರೆ ಆರುನೂರು ರೂಪಾಯಿ. ನಾನು ಉಡುವ ಸೀರೆಗೆ ಅಷ್ಟಿಲ್ಲ. ಕೂದಲು ಬಿಡು, ಸನ್ಯಾಸಿಯಂತೆ ಜಡೆ ಕಟ್ಟಿಕೊಂಡು ಬಾ, ಗುರುತು ಹಿಡಿಯುತ್ತೇನೆ. ಒಂದು ಕಟ್ಟು ಕೊತ್ತಂಬರಿ ಸೊಪ್ಪಿಗೆ ಅರವತ್ತು ರೂಪಾಯಿ ಕೊಡುವ ಊರಿನಲ್ಲಿ ಮನುಷ್ಯರು ಇರುತ್ತಾರಾ, ಅಥವಾ ಎಲ್ಲರೂ ನಿನ್ನ ಹಾಗೆ ಹೊಟ್ಟೆ ಕಟ್ಟಿಕೊಂಡು ಬೇರೆಯವರಿಗೆ ಬಡಿಸುತ್ತಾರಾ?

ಇಲ್ಲಿ ನಿನ್ನ ಬಗ್ಗೆ ಏನು ಹೇಳುತ್ತಾರೆ ಗೊತ್ತಾ? ‘ಹರಿಣಾಕ್ಷಿಗ್ ಎಂತ ಕಮ್ಮಿ, ತಮ್ಮ ಫಾರಿನ್‌ಲ್ಲಿದ್ದ’ ಅಂತ. ಬೈಂದೂರಿನಲ್ಲಿ ಒಬ್ಬಳು ಹೆಂಗಸು ನನ್ನ ಹತ್ತಿರ ನೂರು ರೂಪಾಯಿಗೆ ಇಪ್ಪತ್ತು ಬಂಗುಡೆ ತೆಗೆದುಕೊಂಡು, ಇನ್ನೆರಡು ಹಾಕು, ನಿನ್ನ ತಮ್ಮ ಯೂರೋ ಕಳಿಸುತ್ತಾನಲ್ಲ ಅಂದಳು. ನಾನು ಒಂದು ತೆಗೆದು ಬುಟ್ಟಿಗೆ ಹಾಕಿಕೊಂಡೆ.

ಮೊನ್ನೆ ರಾಮಣ್ಣ ದಡದಲ್ಲಿ ಸಿಕ್ಕಿ ಕೇಳಿದ, ‘ಹ್ವಾಯ್ ಹರಿಣಾಕ್ಷಿ, ನಿನ್ನ ತಮ್ಮ ಬತ್ತನಾ ಇಲ್ಯಾ?’

ಬೇಸಿಗೆ ಕಳೆದ ಮೇಲೆ ಬರುತ್ತಾನೆ ಅಂದೆ.

‘ಅಲ್ಲಿ ಬೇಸ್ಗಿ ಮುಗೂದ್ ಇಲ್ಲಿ ಮಳಿ ಮುಗ್ದ್ ಮೇಲೆ ಅಂಬ್ರ್’ ಅಂತ ನಕ್ಕ. ಆಮೇಲೆ ನಗಲಿಲ್ಲ. ಆಚೆ ಕೇರಿಯ ಮೂರು ಮನೆಯವರು ಹೆಸರು ಸೇರಿಸಿ ಅಂತ ಕಾದು ಕುಳಿತಿದ್ದಾರಂತೆ. ಒಂದು ಮನೆಗೆ ರಿಯಾಯಿತಿ ಮಾಡಿದರೆ ನಲವತ್ತು ಮನೆ ಕೇಳುತ್ತದೆ ಅಂದ.

‘ಬರಲು ನೋಡುತ್ತೇನೆ’ ಅಂತ ಬರೆದಿದ್ದಿ. ನೋಡುವುದೇನು, ಸಿನೆಮಾವಾ? ಬರುತ್ತೇನೆ ಅಂತ ಬರೆ.

ಎದೆ ಹಿಡಿಯುತ್ತದೆ ಅಂತ ಬರೆದದ್ದು ಓದಿ ಎರಡು ದಿನ ನಿದ್ದೆ ಬರಲಿಲ್ಲ. ಕೆಮ್ಮು ಇದೆಯಾ? ಕಫದ ಬಣ್ಣ ಎಂತ? ಸ್ನಾನಕ್ಕೆ ನೀರು ಕಾಯಿಸು. ಆ ಬಿಲ್ಲನ್ನು ಗುಣಿಸುವುದಿಲ್ಲ.

ಹರಿಣಾಕ್ಷಿ


11-5-2008

ಅಕ್ಕನಿಗೆ,

ಕೆಮ್ಮು ಇಲ್ಲ. ಕೆಲಸ ಜಾಸ್ತಿ ಆಗಿದೆ, ಉದ್ದ ಬರೆಯಲು ಪುರುಸೊತ್ತಿಲ್ಲ. ಜನ ಬರಲು ಶುರುವಾಗಿದೆ, ಊರು ಗುರುತೇ ಸಿಗುವುದಿಲ್ಲ. ಚಳಿಗಾಲದಲ್ಲಿ ಅರವತ್ತು ಸೆಂಟಿಗೆ ಕೊಡುತ್ತಿದ್ದ ಕಾಫಿಗೆ ಕಡಲ ಬದಿಯ ಅಂಗಡಿಯವ ಈಗ ಎರಡು ಯೂರೋ ಬೋರ್ಡು ಹಾಕಿದ್ದಾನೆ. ಕಾಫಿ ಅದೇ, ಕಪ್ಪೂ ಅದೇ. ನಾವು ಆ ಬದಿಗೆ ಹೋಗುವುದಿಲ್ಲ.

ಊರಿನಲ್ಲಿ ಯಾರಾದರೂ ಏನಾದರೂ ಹೇಳಿದರೆ ತಲೆಗೆ ಹಾಕಿಕೊಳ್ಳಬೇಡ. ಮುತ್ತ ಒಳ್ಳೆಯವ.

ಬಂಗುಡೆ ಅದೇ ನಾಲ್ಕು.

ಲೀಲಾಧರ


ಉಪ್ಪುಂದ
6-7-2008

ಲೀಲಾಧರ,

ನಾನು ಮೇ ತಿಂಗಳಲ್ಲಿ ಹಾಕಿದ ಕಾಗದ ಕಳೆದ ವಾರ ನನ್ನ ಕೈಗೇ ಬಂತು. ನಿನ್ನ ಅಕ್ಷರದ ವಿಳಾಸದ ಮೇಲೆ ಯಾರೋ ಅಡ್ಡ ಗೆರೆ ಎಳೆದು, ಕೆಂಪು ಸೀಲು ಹೊಡೆದಿದ್ದಾರೆ. ಪೋಸ್ಟ್‌ಮ್ಯಾನ್ ಲೀಲಾಧರ ಅಲ್ಲಿ ಇಲ್ಲವಂತೆ ಅಂದ. ಇಲ್ಲ ಅಂದರೆ ಏನು ಅಂತ ಕೇಳಿದರೆ ಅವನಿಗೆ ಗೊತ್ತಿಲ್ಲ. ನಿನ್ನ ಫೋನು ಹತ್ತಲಿಲ್ಲ. ನಾಲ್ಕು ದಿನ ಬುಟ್ಟಿ ಮುಟ್ಟಲಿಲ್ಲ. ಆಮೇಲೆ ನೀನು ಮಾಡಿದ ಫೋನು ಎರಡು ನಿಮಿಷ. ರೂಮು ಬದಲಾಯಿತು, ಹೋಟ್ಲಿನ ವಿಳಾಸಕ್ಕೆ ಬರೆ ಅಂದೆ. ಎಲ್ಲಿ ಮಲಗುತ್ತಿ ಅಂದರೆ, ವ್ಯವಸ್ಥೆ ಇದೆ ಅಂದೆ. ಬಂಗುಡೆಗೆ ಎಷ್ಟು ಅಂದರೆ, ನಾಲ್ಕು ಅಂದೆ.

ಈಗ ಕೇಳು. ನಾನು ಇಪ್ಪತ್ತೆರಡು ವರ್ಷದಿಂದ ಮೀನು ಮಾರುತ್ತಿದ್ದೇನೆ. ಬೆಳಿಗ್ಗೆಯ ಬೆಲೆ ಮಧ್ಯಾಹ್ನಕ್ಕಿಲ್ಲ, ಅಮಾವಾಸ್ಯೆಯ ಬೆಲೆ ಹುಣ್ಣಿಮೆಗಿಲ್ಲ. ಗಾಳಿ ಬೀಸಿದರೆ ಏರುತ್ತದೆ, ಬಲೆ ತುಂಬಿದರೆ ಇಳಿಯುತ್ತದೆ. ಕಾಫಿಯೇ ಅರವತ್ತು ಸೆಂಟಿನಿಂದ ಎರಡು ಯೂರೋ ಆಗುವ ಊರಿನಲ್ಲಿ ಬಂಗುಡೆ ಮಾರ್ಚಿನಿಂದ ಜುಲೈ ತನಕ ನಾಲ್ಕೇ ಇರುತ್ತದಾ? ಅದು ಯಾವ ಕಡಲು ಮಾರಾಯ? ನೀನು ಮೀನು ಮಾರುವ ಜಾಗಕ್ಕೆ ಹೋಗಿಯೇ ಇಲ್ಲ. ಒಂದು ತುಂಡು ಮೀನು ತಿಂದಿಲ್ಲ. ಬಾಯಿಗೆ ಬಂದದ್ದು ಬರೆದೆ. ಚಂದಯ್ಯನ ಮಗ ಕಡಲ ಬದಿಯಲ್ಲಿ ಇದ್ದುಕೊಂಡು ಅಕ್ಕನಿಗೆ ಬಂಗುಡೆಯ ಬೆಲೆಯಲ್ಲಿ ಸುಳ್ಳು ಹೇಳಿದೆ. ಅದರಲ್ಲೇ ಸುಳ್ಳು ಹೇಳಿದವ ಯಾವುದರಲ್ಲಿ ನಿಜ ಹೇಳಿದ್ದಿ?

ಇದನ್ನು ಬರೆಯುವಾಗ ಇನ್ನೊಂದು ವಿಷಯ. ಮುತ್ತನ ಹೆಂಡತಿ ಬೆಳ್ಳಿ ನಿನ್ನೆ ಬಸ್ಸಿಗೆ ನಿಂತಾಗ ಹೇಳಿದಳು, ‘ಇನ್ನ್ ಅರ್ಧ ರಾಶಿ ಎಂತಕೆ ಹರಿಣಕ್ಕ, ಬಪ್ಪ ವರ್ಷದಿಂದ ಪೂರ್ತಿ ನಮ್ದೇ ಅಲ್ದಾ’ ಅಂತ. ನಾನು ತಮಾಷೆ ಅಂದುಕೊಂಡೆ. ಅವಳ ಮುಖ ನೋಡಿದರೆ ತಮಾಷೆ ಅಲ್ಲ, ನನಗೆ ಗೊತ್ತಿದೆ ಅಂದುಕೊಂಡೇ ಹೇಳಿದ್ದು. ಬಸ್ಸು ಬಂತು, ನಾನು ಹತ್ತಲಿಲ್ಲ.

ಏನು ಮಾಡಿದ್ದಿ ಬರೆ. ಬೆಲೆ ಪಟ್ಟಿ ಬೇಡ.

ಹರಿಣಾಕ್ಷಿ


20-7-2008

ಅಕ್ಕ,

ಬರೆಯುತ್ತೇನೆ. ಓದಿ ಹರಿದು ಹಾಕು.

ಇಲ್ಲಿ ಮನೆ ಬಾಡಿಗೆ ನಮ್ಮ ಊರಿನ ಹಾಗಲ್ಲ. ಅಕ್ಟೋಬರದಿಂದ ಮೇ ತನಕ ನಮ್ಮಂಥವರಿಗೆ ಕೊಡುತ್ತಾರೆ, ಜೂನ್ ಒಂದನೇ ತಾರೀಖಿಗೆ ಖಾಲಿ ಮಾಡಬೇಕು. ನಾವು ಆರು ಜನ ತಿಂಗಳಿಗೆ ಕೊಡುತ್ತಿದ್ದುದನ್ನು ಬೇಸಿಗೆಯಲ್ಲಿ ರಜೆಗೆ ಬಂದವರು ಒಂದೇ ವಾರಕ್ಕೆ ಕೊಡುತ್ತಾರೆ. ಮನೆಯ ಮುದುಕಿ ಕೆಟ್ಟವಳಲ್ಲ, ನಮ್ಮ ಹಾಸಿಗೆಯನ್ನು ಅವಳೇ ಮಡಿಸಿ ಹೊರಗಿಟ್ಟಳು. ಈಗ ನಾನು ಹೋಟ್ಲಿನ ಹಿಂದೆ, ಅಕ್ಕಿ ಚೀಲ ಇಡುವ ಕೋಣೆಯಲ್ಲಿ ಮಲಗುವುದು. ಅದಕ್ಕೂ ಯಜಮಾನ ಸಂಬಳದಲ್ಲಿ ನೂರು ಮುರಿಯುತ್ತಾನೆ.

ಪೇಪರ್ ಆಗಲು ಮನೆಯ ವಿಳಾಸ ತೋರಿಸಬೇಕು, ಬಾಡಿಗೆ ಪತ್ರ ಬೇಕು. ಅಕ್ಕಿ ಚೀಲದ ಕೋಣೆಗೆ ಯಾರು ಪತ್ರ ಕೊಡುತ್ತಾರೆ? ಅದನ್ನು ಕೊಡುವವರೇ ಬೇರೆ ಇದ್ದಾರೆ. ಆ ಮನೆಯಲ್ಲಿ ಇರುವ ಹಾಗಿಲ್ಲ, ವಿಳಾಸ ಮಾತ್ರ ನಮ್ಮದು. ಆರುನೂರು ಯೂರೋ. ಮಲಗುವುದಕ್ಕೆ ಒಂದು ಬಾಡಿಗೆ, ವಿಳಾಸಕ್ಕೆ ಇನ್ನೊಂದು. ನನ್ನ ಹತ್ತಿರ ಇರಲಿಲ್ಲ. ಮೇ ತಿಂಗಳಲ್ಲಿ ಮುತ್ತನನ್ನು ಕೇಳಿದೆ. ಅವನು ನಲವತ್ತು ಸಾವಿರವನ್ನು ಮುಂಬಯಿಯಲ್ಲಿರುವ ಯಜಮಾನನ ತಮ್ಮನಿಗೆ ಮುಟ್ಟಿಸಿದ, ಇಲ್ಲಿ ನನಗೆ ಸಿಕ್ಕಿತು. ಅದರ ಬದಲು ನನ್ನ ರಂಪಣಿ ಪಾಲನ್ನು ಅವನಿಗೆ ಬಿಟ್ಟಿದ್ದೇನೆ ಅಂತ ಬರೆದುಕೊಟ್ಟೆ. ಮುತ್ತ ಬೇಡ ಅಂದ, ನಿಧಾನಕ್ಕೆ ಕೊಡು ಅಂದ. ನಾನೇ ಒತ್ತಾಯ ಮಾಡಿದ್ದು. ಹೇಗೂ ಹುಣ್ಣಿಮೆಗೆ ಬರಲಾಗುವುದಿಲ್ಲ, ಹೋಗುವ ಹೆಸರಿಗೆ ನಲವತ್ತು ಸಾವಿರವಾದರೂ ಬರಲಿ ಅಂತ. ಅಪ್ಪಯ್ಯನಿಗೆ ನಾನೊಬ್ಬನೇ ಗಂಡು ಮಗ, ಪಾಲು ನನ್ನದೇ ಅಂತ ಧೈರ್ಯ ಮಾಡಿದೆ.

ಮೀನಿನ ವಿಷಯ ನೀನು ಹೇಳಿದ್ದು ನಿಜ. ಹೋಟ್ಲಿನ ಊಟ ಅಂದರೆ ಉಳಿದ ಕೋಳಿ, ಬೇಳೆ. ಬಂದ ಮೊದಲ ವಾರ ಮಾರುಕಟ್ಟೆಯ ಬಾಗಿಲಿನಲ್ಲಿ ಒಂದು ಬೋರ್ಡು ಕಂಡೆ, ನಾಲ್ಕು ಅಂತಿತ್ತು. ಅದು ಬಂಗುಡೆಯದೇ ಹೌದಾ ಅಂತಲೂ ಗೊತ್ತಿಲ್ಲ. ಆಮೇಲೆ ಒಳಗೆ ಹೋಗಲಿಲ್ಲ. ಆ ವಾಸನೆಗೆ ತಡೆಯಲು ಆಗುವುದಿಲ್ಲ ಅಕ್ಕ. ಮೀನು ತಿನ್ನದೆ ಹತ್ತು ತಿಂಗಳಾಯಿತು.

ಬೈಯುವುದಾದರೆ ಬೈ.

ಲೀಲಾಧರ


ಉಪ್ಪುಂದ
7-9-2008

ಲೀಲಾಧರ,

ಹರಿದು ಹಾಕಿಲ್ಲ. ಅಕ್ಕಿ ಡಬ್ಬಿಯ ಅಡಿಯಲ್ಲಿ ಇಟ್ಟಿದ್ದೇನೆ, ನಿನಗೂ ಅಕ್ಕಿ ಚೀಲದ ಹತ್ತಿರವೇ ಜಾಗ ಅಲ್ಲವಾ. ಒಂದು ತಿಂಗಳು ಬರೆಯದೆ ಇದ್ದದ್ದು ಬೇಕಂತಲೇ. ಬರೆದರೆ ಕೈಯಲ್ಲಿ ಏನು ಬರುತ್ತಿತ್ತೋ ಗೊತ್ತಿಲ್ಲ. ಈಗಲೂ ಅಕ್ಷರ ಸೊಟ್ಟ ಇದೆ, ಅದು ಸಿಟ್ಟಿಗಲ್ಲ, ಅಂಗೈಯ ಚರ್ಮ ಎದ್ದಿದೆ. ಹೇಳುತ್ತೇನೆ.

ನೂಲು ಹುಣ್ಣಿಮೆ ದಿನ ಕಡಲಿಗೆ ಕಾಯಿ ಬಿಟ್ಟಾದ ಮೇಲೆ ರಾಮಣ್ಣ ಹೆಸರು ಕೂಗಿದ. ‘ಚಂದಯ್ಯನ ಮನೆ’ ಅಂದಾಗ ಮುತ್ತ ಎದ್ದು ನಿಂತು ಜೇಬಿನಿಂದ ನಿನ್ನ ಕಾಗದ ತೆಗೆದ. ರಾಮಣ್ಣ ಕನ್ನಡಕ ತಂದಿರಲಿಲ್ಲ. ಸುತ್ತ ಕಂಡು, ಹತ್ತಿರ ಇದ್ದವಳು ನಾನೇ ಅಂತ ನನ್ನ ಕೈಗೇ ಕೊಟ್ಟ, ‘ಓದ್ ಕಾಂಬ’ ಅಂತ. ನಲವತ್ತು ಮನೆಯ ಎದುರು ನಿನ್ನ ಅಕ್ಷರ ನಾನೇ ಗಟ್ಟಿಯಾಗಿ ಓದಿದೆ. ‘ನನ್ನ ಪಾಲನ್ನು ಮುತ್ತನಿಗೆ ಬಿಟ್ಟುಕೊಟ್ಟಿದ್ದೇನೆ.’ ನನ್ನನ್ನು ಶಾಲೆ ಬಿಡಿಸಿ ಕಲಿಸಿದ ಅಕ್ಷರ ಅದು.

ಓದಿ ಮುಗಿಸಿ ರಾಮಣ್ಣನನ್ನು ಕೇಳಿದೆ, ಲೀಲಾಧರ ಅಂತ ನೀವು ಯಾವತ್ತಾದರೂ ಕೂಗಿದ್ದುಂಟಾ? ಅಪ್ಪಯ್ಯ ಸತ್ತು ಮೂರು ವರ್ಷ ಆದರೂ ಚಂದಯ್ಯನ ಮನೆ ಅಂತಲೇ ಅಲ್ಲವಾ ಕೂಗುವುದು? ಮನೆಗೆ ಇಟ್ಟ ರಾಶಿಯನ್ನು ಒಬ್ಬ ಅಲ್ಲೆಲ್ಲೋ ಕುಳಿತು ಹೇಗೆ ಮಾರುತ್ತಾನೆ? ಆ ಮನೆಯಲ್ಲಿ ಒಲೆ ಉರಿಸುವವಳು ನಾನು.

ರಾಮಣ್ಣ ನನ್ನ ಕೈಯಿಂದ ಕಾಗದ ತೆಗೆದು ಮಡಿಸಿದ. ಆಮೇಲೆ ಮುತ್ತನಿಗೆ ಹೇಳಿದ, ‘ಪಾಲ್ ಮನಿದ್. ಮಾರುಕೆ ಅವ್ನಿಗೂ ಆತಿಲ್ಲೆ, ತಕಂಬುಕೆ ನಿಂಗೂ ಆತಿಲ್ಲೆ.’ ನನ್ನ ಕಡೆ ತಿರುಗಿ, ‘ಆರೆ ಹಗ್ಗಕ್ಕೆ ಜನ ಎಲ್ಲಿ?’ ಅಂದ.

‘ನಾನಿಲ್ಯಾ?’ ಅಂದೆ.

ನಗಾಡಿದರು. ಹಿಂದಿನಿಂದ ಒಬ್ಬ, ಸೀರೆ ಉಟ್ಟುಕೊಂಡು ಹಗ್ಗ ಎಳೆಯುವುದಾ ಅಂದ. ತಲೆ ಮೇಲೆ ಬುಟ್ಟಿ ಹೊತ್ತು ಊರೂರು ತಿರುಗುವಾಗ ನನ್ನ ಸೀರೆ ನಿಮಗೆ ಕಾಣಲಿಲ್ಲವಾ ಅಂತ ಕೇಳಿದೆ. ಹೆಂಗಸರು ಹಗ್ಗ ಹಿಡಿಯಬಾರದು ಅಂತ ಇನ್ನೊಬ್ಬ. ಮನೆಯಿಂದ ಒಬ್ಬರು ಅಂತ ಕಟ್ಟಳೆ, ಗಂಡಸು ಅಂತ ಯಾರು ಹೇಳಿದ್ದು ಅಂದೆ.

ರಾಮಣ್ಣ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ‘ಹಗ್ಗ ಹಿಡಿ ಕಾಂಬ. ಮೊದಲ್ನೇ ಬಲಿ ದಡಕ್ ಬಪ್ಪ ತನ್ಕ ಕೈ ಬಿಡುಕಾಗ. ಬಿಟ್ರೆ ಹೆಸ್ರೂ ಬಿಟ್ಟ ಹಾಂಗೆ’ ಅಂದ.

ಚೌತಿ ಕಳೆದು ಎರಡನೇ ದಿನ ಬಲೆ ಹಾಕಿದರು. ಅದಕ್ಕೆ ನಾಲ್ಕು ರಾತ್ರಿ ಮೊದಲಿಂದಲೇ ನಿದ್ದೆ ಇಲ್ಲ, ಕೈ ಜಾರಿದರೆ ಎಂತ ಮಾಡುವುದು, ಕಾಲು ಕುಸಿದರೆ ಎಂತ ಮಾಡುವುದು ಅಂತ. ಮರಳಿನಲ್ಲಿ ಎರಡೂವರೆ ಗಂಟೆ. ಹಗ್ಗ ಅಂದರೆ ಹಗ್ಗ ಅಲ್ಲ ಅದು, ಇಡೀ ಕಡಲನ್ನು ಯಾರೋ ಆ ಬದಿಯಿಂದ ಹಿಡಿದು ಎಳೆದ ಹಾಗೆ. ಅರ್ಧಕ್ಕೆ ಬರುವಾಗ ಅಂಗೈಯಲ್ಲಿ ಒದ್ದೆ ಆಯಿತು, ಉಪ್ಪು ನೀರು ಅಂದುಕೊಂಡೆ, ಅಲ್ಲ. ಸಾಕು ಅನಿಸಿದಾಗ ಒಂದೊಂದು ಎಳೆತಕ್ಕೆ ಒಂದೊಂದು ಸರ್ತಿ ನಿನ್ನನ್ನು ಬೈದೆ. ಆರುನೂರು ಯೂರೋ ಅಂತ ಬೈದೆ, ವಿಳಾಸ ಅಂತ ಬೈದೆ, ಕಾಫಿ ಅಂತ ಬೈದೆ. ಹಾಗೆ ಬಂತು ಬಲೆ. ನನ್ನ ಹಿಂದೆ ಹಗ್ಗದಲ್ಲಿ ನಿಂತವ ಮುತ್ತ. ಅವನ ಮನೆಯ ಹಗ್ಗಕ್ಕೆ ಅವನ ಅಣ್ಣ ನಿಂತಿದ್ದ, ಇವನಿಗೆ ಅಲ್ಲಿ ಕೆಲಸವೇ ಇರಲಿಲ್ಲ. ‘ಹರಿಣಕ್ಕ, ಹಿಮ್ಮಡಿ ಊರಿ ನಿಲ್ಲಿ’ ಅಂತ ಒಂದೇ ಮಾತು ಹೇಳಿದ.

ಹೆಚ್ಚು ಬೂತಾಯಿ, ಮೇಲೆ ಒಂದಷ್ಟು ಬಂಗುಡೆ. ರಾಮಣ್ಣ ಒಂದೊಂದೇ ಹೆಸರು ಕೂಗುತ್ತಾ ಬಂದ. ನಾನು ಕನಸಿನಲ್ಲಿ ನಿಂತ ಜಾಗದಲ್ಲೇ ನಿಂತಿದ್ದೆ. ‘ಚಂದಯ್ಯನ ಮನೆ’ ಅಂದ. ಎಲ್ಲರ ಹೆಸರಿನ ಹಾಗೇ ಅಂದ, ಜೋರೂ ಇಲ್ಲ, ಮೆಲ್ಲವೂ ಇಲ್ಲ. ರಾಶಿಯಲ್ಲಿ ಅರ್ಧ ಮುತ್ತನಿಗೆ ಕೊಟ್ಟೆ. ನಲವತ್ತು ಸಾವಿರ ತೀರುವ ತನಕ ಕೊಡುತ್ತೇನೆ. ಅವನು ಕೈ ಚಾಚಲು ನಾಚಿಕೆಪಟ್ಟ, ಬೆಳ್ಳಿ ಬುಟ್ಟಿ ಚಾಚಿದಳು. ಇರಲಿ, ಅವಳಿಗೂ ಮನೆ ಇದೆ.

ಬಾ ಅಂತ ನಾನು ಬರೆಯುವುದಿಲ್ಲ. ಪೇಪರ್ ಅಂತಿ, ವಕೀಲ ಅಂತಿ, ಮಾಡಿಕೋ. ಅಕ್ಟೋಬರಕ್ಕೆ ಆ ಮುದುಕಿಯ ಹತ್ತಿರ ಹೋಗಿ ರೂಮು ಕೇಳು, ಚೀಲದ ಧೂಳಿಗೆ ನಿನ್ನ ಎದೆ ಸಮ ಆಗುವುದಿಲ್ಲ. ಸಿಟ್ಟು ಇಳಿದಿದೆ ಅಂತ ಮಾತ್ರ ತಿಳಿಯಬೇಡ. ಅಪ್ಪಯ್ಯನ ಹೆಸರನ್ನು ಒಂದು ಸುಳ್ಳು ವಿಳಾಸಕ್ಕೆ ಕೊಟ್ಟವ ನೀನು. ಯಾವ ವರ್ಷ ಬಂದರೂ ಹಗ್ಗದಲ್ಲಿ ಜಾಗ ಇದೆ, ಆದರೆ ನನ್ನ ಹಿಂದೆ ನಿಲ್ಲಬೇಕು.

ಇನ್ನು ಒಂದು ಕೆಲಸ. ಇದರಲ್ಲಿ ತಪ್ಪಿಸಿದರೆ ಮುಂದೆ ಕಾಗದ ಬೇಡ. ನಿನ್ನ ರಜೆಯ ದಿನ ಆ ಮಾರುಕಟ್ಟೆಯ ಒಳಗೆ ಹೋಗು. ಬಾಗಿಲಿನಲ್ಲಿ ನಿಂತು ಬೋರ್ಡು ಓದಿ ಬರುವುದಲ್ಲ. ಬಂಗುಡೆ ಹೌದಾ ಅಂತ ಬೆನ್ನಿನ ಗೆರೆ ಕಂಡು ಗುರುತು ಹಿಡಿ, ಕಿವಿರು ಎತ್ತಿ ಕೆಂಪು ಇದೆಯಾ ಕಾಣು. ಬೆಳಿಗ್ಗೆ ಎಷ್ಟು, ಅವರು ಬಾಗಿಲು ಹಾಕುವ ಹೊತ್ತಿಗೆ ಎಷ್ಟು, ಎರಡೂ ಕೇಳು. ಸಂಜೆಯ ಬೆಲೆಗೆ ಎರಡು ತೆಗೆದುಕೊಂಡು ಹೋಗಿ ಹುಳಿ ಹಾಕಿ ಬೇಯಿಸಿ ತಿನ್ನು. ಗುಣಿಸಬೇಡ. ನಾನೂ ಗುಣಿಸುವುದಿಲ್ಲ. ತಿಂದ ಮೇಲೆ ಬರೆ. ನಾಲ್ಕು ಅಂತ ಮೊದಲೇ ಬರೆದದ್ದು ನನಗೆ ಬೇಡ, ಇನ್ನೊಂದು ಸರ್ತಿ ಸಮ ಕಂಡು ಬರೆ, ಅಲ್ಲಿ ಬಂಗುಡೆಗೆ ಎಷ್ಟು.

ಅಕ್ಕ
ಹರಿಣಾಕ್ಷಿ
ಚಂದಯ್ಯನ ಮನೆ, ಉಪ್ಪುಂದ